ಪಾದದ ನರ ಕೆಟ್ಟಾಗ ಏನು ಮಾಡಬೇಕು: ಕಾರಣ ಹುಡುಕುವುದರಿಂದ ಗಾಯ ತಪ್ಪಿಸುವವರೆಗೆ, ಹಂತ ಹಂತವಾಗಿ

ಪಾದದ ನರ ಕೆಟ್ಟವರಲ್ಲಿ ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ಉರಿ ಇರುವಷ್ಟು ದಿನ ಡಾಕ್ಟರ ಹತ್ತಿರ ಹೋಗುತ್ತಾರೆ, ಮಾತ್ರೆ ತರುತ್ತಾರೆ, ಎಣ್ಣೆ ಹಚ್ಚುತ್ತಾರೆ. ಕೆಲವು ವರ್ಷಗಳಲ್ಲಿ ಉರಿ ತಾನಾಗಿಯೇ ಇಳಿಯುತ್ತದೆ. ವಾಸಿಯಾಯಿತು ಅಂದುಕೊಂಡು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಆಗಿರುವುದು ಬೇರೆಯೇ. ನರ ಇನ್ನಷ್ಟು ಕೆಟ್ಟು, ಉರಿಯ ಸುದ್ದಿಯನ್ನೂ ಮುಟ್ಟಿಸಲಾರದ ಸ್ಥಿತಿಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಕೊನೆಗೆ ಸಾಕ್ಸ್ ಮೇಲೆ ಕೀವಿನ ಕಲೆ ಕಂಡಾಗ, ಇಲ್ಲವೇ ಮನೆಯವರು ವಾಸನೆ ಅಂದಾಗ ಗಾಯ ಪತ್ತೆಯಾಗುತ್ತದೆ.

ಹಾಗಾಗಿ ಈ ಬರಹದಲ್ಲಿ ಉರಿಯ ಮಾತ್ರೆ ಕೊನೆಯ ಹಂತಗಳಲ್ಲಿ ಬರುತ್ತದೆ. ಮೊದಲು ಕಾರಣ, ಆಮೇಲೆ ಸ್ಪರ್ಶ ಎಷ್ಟು ಉಳಿದಿದೆ ಅನ್ನುವ ಪರೀಕ್ಷೆ, ಆಮೇಲೆ ದಿನನಿತ್ಯದ ಕಾವಲು. ಈ ಕ್ರಮ ತಪ್ಪಿಸಬೇಡಿ. ಇದರಲ್ಲಿ ಹೆಚ್ಚಿನದು ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುತ್ತದೆ, ಯಾಕೆಂದರೆ ಪಾದದ ನರಹಾನಿಗೆ ಅದೇ ಅತಿ ಸಾಮಾನ್ಯ ಕಾರಣ. ಆದರೆ ಯಾವ ಕಾರಣದಿಂದ ಸ್ಪರ್ಶ ಹೋಗಿದ್ದರೂ ಪಾದದ ಆರೈಕೆ ಇದೇ.

## ಮೊದಲು ಜೋಡಿಸಿಟ್ಟುಕೊಳ್ಳಿ

ಒಂದು ಸಣ್ಣ ಡಬ್ಬಿಯಲ್ಲಿ ಇವು ಇರಲಿ: ಕೈಗನ್ನಡಿ, ಟಾರ್ಚ್, ಮೆತ್ತನೆಯ ಹತ್ತಿ ಬಟ್ಟೆ, ಉಗುರು ಕಟ್ಟರ್, ಉಗುರು ಉಜ್ಜುವ ಅರ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್, ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಟೆರೈಲ್ ಗಾಜ್ (ಗಾಯದ ಮೇಲಿಡುವ ಶುದ್ಧ ಜಾಳು ಬಟ್ಟೆ) ಪ್ಯಾಕೆಟ್, ಪೇಪರ್ ಟೇಪ್, ಗಾಯ ತೊಳೆಯಲು ನಾರ್ಮಲ್ ಸಲೈನ್‌ನ (ಶುದ್ಧ ಉಪ್ಪುನೀರಿನ) ಸಣ್ಣ ಬಾಟಲಿ. ತಿಳಿಬಣ್ಣದ ಹತ್ತಿ ಸಾಕ್ಸ್ ನಾಲ್ಕೈದು ಜೊತೆ. ಒಂದು ನೋಟ್‌ಬುಕ್.

ಇನ್ನು ಕೆಲವನ್ನು ಮನೆಯಿಂದ ಆಚೆ ಹಾಕಬೇಕು. ಆಣಿ ಕೀಳುವ ಬ್ಲೇಡು, ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್, ಪಾದಕ್ಕೆ ಕಾವು ಕೊಡುವ ಬಿಸಿನೀರಿನ ಚೀಲ. ಕಾರ್ನ್ ಕ್ಯಾಪ್‌ನಲ್ಲಿ ಚರ್ಮವನ್ನು ಕರಗಿಸುವ ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ. ಅದು ಆಣಿಯನ್ನು ಕರಗಿಸಿ ಅಲ್ಲಿಗೇ ನಿಲ್ಲುವುದಿಲ್ಲ, ಪಕ್ಕದ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸ್ಪರ್ಶ ಇದ್ದವರಿಗೆ ಚುರುಕ್ ಅನ್ನುತ್ತದೆ, ಕಿತ್ತು ಎಸೆಯುತ್ತಾರೆ. ಇಲ್ಲದವರಿಗೆ ಅದೇ ಗಾಯವಾಗುತ್ತದೆ.

ಸಾಮಾನಿಗಿಂತ ಮುಖ್ಯವಾಗಿ ಮನೆಯಲ್ಲಿ ಒಬ್ಬರು ಜೊತೆಗಿರಬೇಕು. ವಯಸ್ಸಾದವರಿಗೆ ಬಗ್ಗಿ ಅಂಗಾಲು ನೋಡಲು ಆಗುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಕಣ್ಣೂ ಮಂಜಾಗಿರಬಹುದು.

## ಹಂತ 1: ತೊಂದರೆ ಎಲ್ಲಿ, ಯಾವ ವೇಗದಲ್ಲಿ ಬಂತು ಅಂತ ಬರೆಯಿರಿ

ಡಾಕ್ಟರ ಹತ್ತಿರ "ಕಾಲು ಜೋಮು" ಅಂತ ಮಾತ್ರ ಹೇಳಿದರೆ ಸಾಲದು. ಮೂರು ಸಂಗತಿ ಬರೆದುಕೊಂಡು ಹೋಗಿ. ಒಂದು ಕಾಲಿಗೋ ಎರಡಕ್ಕೋ? ಎಲ್ಲಿಂದ ಶುರುವಾಗಿ ಎಲ್ಲಿಯವರೆಗೆ ಬಂದಿದೆ? ದಿನಗಳಲ್ಲಿ ಬಂತೋ, ತಿಂಗಳುಗಳಲ್ಲೋ, ವರ್ಷಗಳಲ್ಲೋ?

ಸಕ್ಕರೆ ಕಾಯಿಲೆಯ ನರಹಾನಿ ಸಾಮಾನ್ಯವಾಗಿ ಎರಡೂ ಕಾಲಿನ ಬೆರಳ ತುದಿಯಿಂದ ಶುರುವಾಗುತ್ತದೆ. ದೇಹದಲ್ಲಿ ಅತಿ ಉದ್ದದ ನರಗಳು ಸೊಂಟದಿಂದ ಕಾಲಿನ ತುದಿಗೆ ಹೋಗುವವು. ಉದ್ದ ಜಾಸ್ತಿ ಇದ್ದಷ್ಟೂ ಏಟು ಬೇಗ. ಆಮೇಲೆ ನಿಧಾನವಾಗಿ, ಸಾಕ್ಸ್ ಮುಚ್ಚುವಷ್ಟು ಜಾಗದಲ್ಲಿ, ಮೇಲಕ್ಕೆ ಏರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳುಗಳಲ್ಲೂ ಜೋಮು ಕಾಣಿಸುತ್ತದೆ. ರಾತ್ರಿ ಜಾಸ್ತಿ ಇರುತ್ತದೆ. ಹೊದಿಕೆ ತಾಗಿದರೂ ಚುಚ್ಚಿದ ಹಾಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಇನ್ನು ಕೆಲವರಿಗೆ ನೋವೇ ಇರುವುದಿಲ್ಲ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುತ್ತದೆ. ಚಪ್ಪಲಿ ಕಾಲಿನಿಂದ ಜಾರಿಹೋಗಿದ್ದೇ ತಿಳಿಯುವುದಿಲ್ಲ. ಈ ಚಪ್ಪಲಿ ಜಾರುವ ಸಂಗತಿಯನ್ನು ಯಾರೂ ಮುಖ್ಯ ಅಂದುಕೊಳ್ಳುವುದಿಲ್ಲ. ತಪ್ಪದೆ ಹೇಳಿ, ಅದು ಮುಖ್ಯ ಗುರುತು.

ಒಂದೇ ಕಾಲಿನಲ್ಲಿ, ಸೊಂಟದಿಂದ ಇಳಿದು ಬರುವ ಜೋಮು ಅಥವಾ ಸೆಳೆತ ಬೆನ್ನಿನ ಡಿಸ್ಕ್ ತೊಂದರೆ ಇರಬಹುದು. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ಹಿಡಿದು, ನಿಂತರೆ ಸರಿಹೋಗುವುದು ರಕ್ತನಾಳ ಕಿರಿದಾದ ಗುರುತು, ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು.

ಎರಡು ಸಂದರ್ಭಗಳಲ್ಲಿ ಈ ಬರಹ ಓದುತ್ತಾ ಕೂರಬೇಡಿ, ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿ. ಕೆಲವೇ ದಿನಗಳಲ್ಲಿ ಜೋಮು ಮತ್ತು ಬಲಹೀನತೆ ಕಾಲಿನಿಂದ ಮೇಲಕ್ಕೆ ಏರುತ್ತಿದ್ದರೆ ಅದು ಗಿಲಾನ್ ಬಾರೆ ಕಾಯಿಲೆ ಇರಬಹುದು, ಉಸಿರಾಟದ ತನಕ ಹೋಗಬಹುದು. ತೊಡೆ ಸಂದಿ, ಕುಂಡೆಯ ಜಾಗದಲ್ಲಿ ಸ್ಪರ್ಶ ಹೋಗಿ ಮೂತ್ರ ಕಟ್ಟಿದರೆ ಬೆನ್ನುಹುರಿಯ ಕೆಳಭಾಗದ ನರಗಳು ಒತ್ತಿಕೊಂಡಿವೆ ಅಂತ ಅರ್ಥ. ಎರಡರಲ್ಲೂ ಗಂಟೆಗಳ ಲೆಕ್ಕ.

## ಹಂತ 2: ಕಾರಣ ಹುಡುಕಿಸಿ

ಶುಗರ್ ಇದೆ ಅಂತ ಗೊತ್ತಿದ್ದರೆ ಉಳಿದ ಕಾರಣ ಯಾರೂ ಹುಡುಕುವುದಿಲ್ಲ. ಇದೊಂದು ದೊಡ್ಡ ತಪ್ಪು. ಒಬ್ಬರಲ್ಲೇ ಎರಡು ಮೂರು ಕಾರಣ ಸೇರಿರಬಹುದು, ಅದರಲ್ಲಿ ಒಂದು ಸುಲಭವಾಗಿ ಸರಿಹೋಗುವಂಥದ್ದೂ ಇರಬಹುದು.

ಕೇಳಿ ಮಾಡಿಸಬೇಕಾದ ರಕ್ತಪರೀಕ್ಷೆಗಳು ಇವು: ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ವಿಟಮಿನ್ ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ಕಿಡ್ನಿಯ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ. ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. 5.7ರಿಂದ 6.4 ಗಡಿಯ ಸ್ಥಿತಿ. ಗಡಿಯಲ್ಲಿರುವವರಿಗೂ ಕಾಲು ಉರಿ ಬರಬಹುದು.

ಬಿ12 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ಗಿಡಮೂಲದ ಊಟದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ಸಿಗುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ಮಾಡಿದ ವಯಸ್ಸಾದವರಲ್ಲಿ ಕೊರತೆ ಸಾಮಾನ್ಯ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೂ ಬಿ12 ಇಳಿಯುತ್ತದೆ. ಗ್ಯಾಸ್ಟ್ರಿಕ್ ಅಂತ ದಿನಾ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬಹುಕಾಲ ನಡೆದರೂ ಅಷ್ಟೇ. ಸಸ್ಯಾಹಾರಿ, ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ ಮಾತ್ರೆ, ಈ ಮೂರೂ ಒಬ್ಬರಲ್ಲೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ ಹೇಳಿ. ಅಂಥವರು ವರ್ಷಕ್ಕೊಮ್ಮೆ ಬಿ12 ನೋಡಿಸುವುದು ಒಳ್ಳೆಯದು. ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಕೊರತೆ ಇದ್ದರೆ ಬಿ12 ಸೇರಿಸಿದರೆ ಆಯಿತು.

ಇಲ್ಲೇ ಎರಡು ಎಚ್ಚರಿಕೆ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಮಾತ್ರೆ ತಿಂದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರ ಮಾತ್ರ ಕೆಡುತ್ತಲೇ ಹೋಗುತ್ತದೆ. ಇನ್ನೊಂದು, "ನರಕ್ಕೆ ಒಳ್ಳೆಯದು" ಅಂತ ಎರಡು ಮೂರು ಬಗೆಯ ವಿಟಮಿನ್ ಮಾತ್ರೆ ಒಟ್ಟಿಗೆ ನುಂಗಬೇಡಿ. ಅವುಗಳಲ್ಲಿರುವ ಬಿ6 ಅತಿಯಾದರೆ ಅದರಿಂದಲೇ ನರ ಕೆಡುತ್ತದೆ.

ಇನ್ನುಳಿದ ಕಾರಣಗಳು: ಹಲವು ವರ್ಷಗಳ ಕುಡಿತ, ಕಿಡ್ನಿ ಕಾಯಿಲೆ, ಥೈರಾಯ್ಡ್ ಕೊರತೆ, ಎಚ್‌ಐವಿ. ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್‌ನಂಥ ಕ್ಯಾನ್ಸರ್ ಔಷಧಿ. ಟಿಬಿಯ ಐಸೋನಿಯಜಿಡ್ ಮಾತ್ರೆ ಸಹ ನರಕ್ಕೆ ಏಟು ಕೊಡಬಹುದು, ಅದಕ್ಕೇ ಅದರ ಜೊತೆ ಅಳತೆ ಮಾಡಿದ ಪ್ರಮಾಣದಲ್ಲಿ ಬಿ6 ಕೊಡುತ್ತಾರೆ. ಟಿಬಿ ಮಾತ್ರೆ ಶುರುವಾದ ಮೇಲೆ ಪಾದ ಜುಮ್ಮೆಂದರೆ ಮಾತ್ರೆ ಬಿಡದೆ ಡಾಕ್ಟರಿಗೆ ತಿಳಿಸಿ.

ಕುಷ್ಠರೋಗ ಹೋಗೇ ಹೋಯಿತು ಅಂತ ತಿಳಿಯಬೇಡಿ. ಚರ್ಮದ ಮೇಲೆ ಬಿಳಿಚಿಕೊಂಡ ಅಥವಾ ಕೆಂಪಗಿನ ಮಚ್ಚೆ, ಆ ಮಚ್ಚೆಯಲ್ಲಿ ಸ್ಪರ್ಶ ಇಲ್ಲ ಅಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 6 ಅಥವಾ 12 ತಿಂಗಳ ಔಷಧಿ, ಸರ್ಕಾರದಿಂದ ಉಚಿತ, ಪೂರ್ತಿ ಗುಣವಾಗುತ್ತದೆ. ನಾಚಿಕೆಯಿಂದ ತಡ ಮಾಡಿದರೆ ಕೆಟ್ಟ ನರ ವಾಪಸು ಬರುವುದಿಲ್ಲ.

## ಹಂತ 3: ಸ್ಪರ್ಶ ಎಷ್ಟು ಉಳಿದಿದೆ ನೋಡಿ

ಆಸ್ಪತ್ರೆಯಲ್ಲಿ ಇದಕ್ಕೆ 10 ಗ್ರಾಂ ಒತ್ತಡಕ್ಕೆ ಬಾಗುವ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆ, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್, ಕಂಪನ ಅಳೆಯುವ ಬಯೋಥೀಸಿಯೋಮೀಟರ್ ಬಳಸುತ್ತಾರೆ. ಮನೆಯಲ್ಲಿ ಬೆರಳೊಂದೇ ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪಿಸಿದ ಈ ಪರೀಕ್ಷೆ ಎರಡು ನಿಮಿಷದ ಕೆಲಸ.

ಪರೀಕ್ಷೆ ಮಾಡಿಸಿಕೊಳ್ಳುವವರು ಮಲಗಿ ಕಣ್ಣು ಮುಚ್ಚಲಿ. ಯಾವ ಕಾಲು ಮುಟ್ಟಿದ್ದು ತಿಳಿದರೆ "ಎಡ" ಅಥವಾ "ಬಲ" ಅನ್ನಲಿ. ನೀವು ತೋರುಬೆರಳ ತುದಿಯಿಂದ ಈ ಕ್ರಮದಲ್ಲಿ ಬೆರಳ ತುದಿಗಳನ್ನು ಮುಟ್ಟಿ: ಬಲಗಾಲಿನ ಹೆಬ್ಬೆರಳು, ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು, ಬಲಗಾಲಿನ ನಡುಬೆರಳು, ಎಡಗಾಲಿನ ನಡುಬೆರಳು. ಒಂದೆರಡು ಸೆಕೆಂಡು ಹಗುರಾಗಿ ಇಡಬೇಕು, ಅಷ್ಟೇ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ತಿಳಿಯಿರಿ.

ಇದರಲ್ಲಿ ಎಲ್ಲರೂ ಮಾಡುವ ತಪ್ಪು, ತಿಳಿಯದಿದ್ದಾಗ ಜೋರಾಗಿ ಒತ್ತುವುದು ಅಥವಾ ತಟ್ಟುವುದು. ಅಮ್ಮನಿಗೆ ಗೊತ್ತಾಗಲಿ ಅನ್ನುವ ಪ್ರೀತಿಯಿಂದಲೇ ಒತ್ತುತ್ತಾರೆ. ಆಗ ಪರೀಕ್ಷೆ ಸುಳ್ಳು ಹೇಳುತ್ತದೆ. ಒಂದು ಬೆರಳಿಗೆ ಒಂದೇ ಸಲ. ಎರಡನೇ ಅವಕಾಶ ಇಲ್ಲ. ಸೂಜಿ ಚುಚ್ಚಿ ನೋಡುವುದಂತೂ ಬೇಡವೇ ಬೇಡ.

ಮನೆಯ ಪರೀಕ್ಷೆಯಲ್ಲಿ ಪಾಸಾದರೂ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಪಾದ ತೋರಿಸಬೇಕು. ಸ್ಪರ್ಶ ಕಡಿಮೆ ಇದ್ದರೆ 6ರಿಂದ 12 ತಿಂಗಳಿಗೊಮ್ಮೆ. ಜೊತೆಗೆ ಪಾದದ ಆಕಾರ ಬದಲಾಗಿದ್ದರೆ ಅಥವಾ ರಕ್ತ ಓಡಾಟ ಕಡಿಮೆಯಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಮೊದಲು ಹುಣ್ಣಾಗಿತ್ತು ಅಂದರೆ ಒಂದರಿಂದ ಮೂರು ತಿಂಗಳಿಗೊಮ್ಮೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ಗಳಲ್ಲಿ ಶುಗರ್, ಬಿಪಿ ನೋಡುತ್ತಾರೆ. ಅಲ್ಲಿಗೆ ಹೋದಾಗ ಸಾಕ್ಸ್ ಬಿಚ್ಚಿ "ಪಾದವನ್ನೂ ನೋಡಿ" ಅಂತ ನೀವೇ ಕೇಳಿ. ಕೇಳದಿದ್ದರೆ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ.

## ಹಂತ 4: ದಿನಾ ರಾತ್ರಿ ಪಾದ ನೋಡುವುದು

ಈ ಇಡೀ ಬರಹದಲ್ಲಿ ಒಂದೇ ಕೆಲಸ ಮಾಡಲು ನಿಮಗೆ ಸಾಧ್ಯ ಅಂತಾದರೆ, ಇದನ್ನು ಮಾಡಿ. ನೋವು ಮಾಡುತ್ತಿದ್ದ ಕಾವಲನ್ನು ಇನ್ನು ಕಣ್ಣು ಮತ್ತು ಕೈ ಮಾಡಬೇಕು.

ಊಟವಾದ ಮೇಲೆ, ಒಳ್ಳೆಯ ಬೆಳಕಿನಲ್ಲಿ ಕುಳಿತುಕೊಳ್ಳಿ. ಮೊದಲು ಪಾದದ ಮೇಲ್ಭಾಗ, ಆಮೇಲೆ ಅಂಗಾಲು, ಹಿಮ್ಮಡಿ. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಸಂದಿಗೆ ಟಾರ್ಚ್ ಬಿಡಿ. ಅಂಗಾಲು ಕಾಣದಿದ್ದರೆ ಕನ್ನಡಿ ನೆಲದ ಮೇಲಿಟ್ಟು ಅದರ ಮೇಲೆ ಪಾದ ಹಿಡಿಯಿರಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಫೋಟೋ ಒಳ್ಳೆಯದು, ಹೋದ ವಾರದ್ದರ ಜೊತೆ ಹೋಲಿಸಿ ನೋಡಬಹುದು.

ಹುಡುಕಬೇಕಾದ್ದು ಏನು? ಗುಳ್ಳೆ, ಬಿರುಕು, ಕೆಂಪು, ಊತ, ಬೆರಳ ಸಂದಿಯ ಬಿಳಿ ಪೊರೆ, ಉಗುರು ಮಾಂಸದೊಳಗೆ ಹೋಗಿರುವುದು, ಗಟ್ಟಿಯಾದ ಚರ್ಮ. ಗಟ್ಟಿ ಚರ್ಮದ ಒಳಗೆ ಕಪ್ಪು ಅಥವಾ ನೀಲಿ ಚುಕ್ಕೆ ಕಂಡರೆ ಅದರ ಕೆಳಗೆ ಹುಣ್ಣು ಆಗಲೇ ಶುರುವಾಗಿದೆ ಅಂತಲೇ ತಿಳಿಯಬೇಕು.

ಆಮೇಲೆ ಅಂಗೈ ತಿರುಗಿಸಿ, ಕೈಯ ಹಿಂಭಾಗದಿಂದ ಎರಡೂ ಪಾದಗಳ ಒಂದೇ ಜಾಗವನ್ನು ಮುಟ್ಟಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಒಳಗೆ ಏನೋ ನಡೆಯುತ್ತಿದೆ. ಥರ್ಮಾಮೀಟರಿನಲ್ಲಿ ಅಳೆಯುವವರು 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸವನ್ನು ಅಪಾಯದ ಗೆರೆ ಅಂತ ಹಿಡಿಯುತ್ತಾರೆ.

ನಮ್ಮ ಮನೆಗಳಿಗೇ ಸೇರಿದ ಮೂರು ಜಾಗಗಳನ್ನು ಮರೆಯಬೇಡಿ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವವರಿಗೆ ಹೊರಗಿನ ಹರಡಿನ ಎಲುಬಿನ ಮೇಲೆ ಚರ್ಮ ಗಟ್ಟಿಯಾಗಿ, ಅಲ್ಲೇ ಹುಣ್ಣಾಗುತ್ತದೆ. ಕಾಲುಂಗುರ ಹಾಕುವವರಿಗೆ ಅದರ ಕೆಳಗಿನ ಚರ್ಮ. ಪಾದ ಊದಿದಾಗ ಉಂಗುರ ಬೆರಳನ್ನು ಕೊಯ್ಯುತ್ತದೆ, ಗೊತ್ತೇ ಆಗುವುದಿಲ್ಲ. ಬಿಗಿಯಾಗಿದ್ದರೆ ಸಡಿಲ ಮಾಡಿಸಿ, ಊತ ಇರುವಾಗ ತೆಗೆದಿಡಿ. ಇನ್ನೊಂದು, ನೆಲದ ಮೇಲೆ ಮಲಗುವವರ ಬೆರಳ ತುದಿ. ಸ್ಪರ್ಶ ಇಲ್ಲದ ಪಾದವನ್ನು ರಾತ್ರಿ ಇಲಿ ಕಚ್ಚಿದ ಉದಾಹರಣೆಗಳು ನಮ್ಮ ದೇಶದಲ್ಲಿ ಇವೆ. ಮಂಚ, ಸೊಳ್ಳೆಪರದೆ, ಮಲಗುವಾಗ ಸಾಕ್ಸ್ ಇದಕ್ಕೆ ಉಪಾಯ.

ಗದ್ದೆ, ತೋಟದ ಕೆಲಸದವರು ಸಂಜೆ ಕಾಲು ತೊಳೆದ ಕೂಡಲೇ ನೋಡಬೇಕು. ಮಲೆನಾಡಿನಲ್ಲಿ ಉಂಬಳ ಕಚ್ಚಿದ ಗಾಯ, ಅಡಿಕೆ ತೋಟದ ಸಿಬಿರು, ಬಯಲುಸೀಮೆಯ ಜಾಲಿಮುಳ್ಳು, ಎಲ್ಲವೂ ಸದ್ದಿಲ್ಲದೆ ಒಳಗೆ ಕೂತುಬಿಡುತ್ತವೆ.

## ಹಂತ 5: ತೊಳೆ, ಒರೆಸು, ಎಣ್ಣೆ, ಉಗುರು

1. ನೀರು ಉಗುರುಬೆಚ್ಚಗಿರಲಿ, 37 ಡಿಗ್ರಿಗಿಂತ ಕಡಿಮೆ. ಪಾದ ಅದ್ದಿ ನೋಡಬೇಡಿ. ಮೊಣಕೈ ಅದ್ದಿ ನೋಡಿ. ಕೈಗೂ ಜೋಮು ಇದ್ದರೆ ಮನೆಯ ಇನ್ನೊಬ್ಬರು ನೋಡಲಿ. ಹಂಡೆಯ ನೀರನ್ನು ಅಂದಾಜಿನ ಮೇಲೆ ಸುರಿದುಕೊಳ್ಳುವ ಅಭ್ಯಾಸ ಇಲ್ಲಿ ನಿಲ್ಲಬೇಕು.

2. ಸಾಬೂನಿನಲ್ಲಿ ತೊಳೆಯಿರಿ, ನೆನೆಹಾಕಬೇಡಿ. ಬಿಸಿನೀರಿಗೆ ಉಪ್ಪು ಹಾಕಿ ಅರ್ಧ ಗಂಟೆ ಕಾಲಿಟ್ಟು ಕೂರುವುದು ಹಾಯೆನಿಸುತ್ತದೆ ನಿಜ. ಅದು ಚರ್ಮವನ್ನು ಮೆತ್ತಗೆ ಮಾಡಿ ಬಿರುಕಿಗೆ ದಾರಿ ಮಾಡುತ್ತದೆ, ಸುಡುವ ಅಪಾಯ ಬೇರೆ.

3. ಒತ್ತಿ ಒರೆಸಿ. ಬೆರಳ ಸಂದಿಗಳು ಪೂರ್ತಿ ಒಣಗಬೇಕು. ಫಂಗಸ್ ಶುರುವಾಗುವುದು ಅಲ್ಲಿಂದಲೇ.

4. ಅಂಗಾಲು, ಹಿಮ್ಮಡಿ, ಪಾದದ ಮೇಲೆ ತೆಳ್ಳಗೆ ಎಣ್ಣೆ ಹಚ್ಚಿ. ಬೆರಳ ಸಂದಿಗೆ ಹಚ್ಚಬೇಡಿ. ನರ ಕೆಟ್ಟಾಗ ಪಾದ ಬೆವರುವುದೂ ನಿಲ್ಲುತ್ತದೆ, ಅದಕ್ಕೇ ಹಿಮ್ಮಡಿ ಸೀಳುವುದು. ಎಣ್ಣೆ ಹಚ್ಚಿ ಸಾಕ್ಸ್ ಹಾಕದೆ ನೆಲದ ಮೇಲೆ ನಡೆಯಬೇಡಿ, ಜಾರಿ ಬೀಳುತ್ತೀರಿ.

5. ಉಗುರನ್ನು ಸ್ನಾನದ ನಂತರ ನೇರವಾಗಿ ಕತ್ತರಿಸಿ. ಮೂಲೆಯನ್ನು ಕೊರೆಯಬೇಡಿ. ಚೂಪಾದ ತುದಿಯನ್ನು ಅರದಿಂದ ಉಜ್ಜಿ. ಕಣ್ಣು ಮಂಜಾದವರು ತಾವೇ ಕತ್ತರಿಸಿಕೊಳ್ಳಬಾರದು.

ಆಣಿ ಮತ್ತು ಗಟ್ಟಿ ಚರ್ಮವನ್ನು ಮನೆಯಲ್ಲಿ ಕೊಯ್ಯುವುದು ಬೇಡ. ಬಚ್ಚಲ ಕಲ್ಲಿಗೆ ಹಿಮ್ಮಡಿ ಉಜ್ಜುವುದೂ ಬೇಡ. ಹಾಗಂತ ಅದನ್ನು ಬಿಟ್ಟುಬಿಡುವಂತೆಯೂ ಇಲ್ಲ, ಯಾಕೆಂದರೆ ಗಟ್ಟಿ ಚರ್ಮವೇ ಒಳಗಿನ ಮಾಂಸವನ್ನು ಒತ್ತಿ ಹುಣ್ಣು ಮಾಡುತ್ತದೆ. ಪಾದದ ಕ್ಲಿನಿಕ್‌ನಲ್ಲಿ ಅಥವಾ ಸರ್ಜನ್ ಹತ್ತಿರ ಆಗಾಗ ತೆಗೆಸಬೇಕು.

## ಹಂತ 6: ಚಪ್ಪಲಿ, ಬರಿಗಾಲು, ಬಿಸಿ ನೆಲ

ಮನೆಯೊಳಗೂ ಚಪ್ಪಲಿ. ಈ ಮಾತಿಗೆ ನಮ್ಮಲ್ಲಿ ಎಲ್ಲರೂ ಮುಖ ಗಂಟಿಕ್ಕುತ್ತಾರೆ, ಗೊತ್ತು. ಮನೆಯೊಳಗೆಂದೇ ಒಂದು ಬೇರೆ ಜೊತೆ ಇಡಿ. ಅದು ಹೊಸ್ತಿಲು ದಾಟಬಾರದು. ಆಗ ಮಡಿಯ ಮಾತೂ ಮುಗಿಯುತ್ತದೆ, ಪಾದವೂ ಉಳಿಯುತ್ತದೆ.

ಎಂಥ ಚಪ್ಪಲಿ? ಒಳಗಿನ ಪದರ ಮೆತ್ತಗೆ, ಹೊರಗಿನ ತಳ ಗಟ್ಟಿ. ಹಿಮ್ಮಡಿಗೆ ಹಿಂದಿನಿಂದ ಪಟ್ಟಿ ಇರಬೇಕು, ಬಿಗಿ ಸಡಿಲ ಮಾಡಲು ವೆಲ್ಕ್ರೋ ಇರಬೇಕು. ಎಂಸಿಆರ್ ಚಪ್ಪಲಿ ಅಂತ ಕೇಳಿದರೆ ಸಿಗುತ್ತದೆ. ಸಣ್ಣ ಸಣ್ಣ ಗಾಳಿಗೂಡುಗಳಿರುವ ಆ ರಬ್ಬರ್ ಮೊದಲು ಕುಷ್ಠರೋಗಿಗಳ ಪಾದ ಉಳಿಸಲು ಬಳಕೆಗೆ ಬಂದದ್ದು, ಈಗ ಶುಗರ್ ಇರುವವರಿಗೂ ಕೊಡುತ್ತಾರೆ. ಹೆಬ್ಬೆರಳ ಸಂದಿಗೆ ಪಟ್ಟಿ ಬರುವ ಹವಾಯಿ, ಕೊಲ್ಹಾಪುರಿ ಎರಡೂ ಬೇಡ. ಆ ಪಟ್ಟಿ ಸಂದಿಯನ್ನು ಕೊಯ್ಯುತ್ತದೆ, ಜಾರದಂತೆ ಹಿಡಿಯಲು ಬೆರಳು ಮಡಚಿಕೊಳ್ಳುತ್ತದೆ. ಹವಾಯಿಯ ಮೆತ್ತನೆ ತಳದಲ್ಲಿ ಮೊಳೆ ಸಲೀಸಾಗಿ ನುಗ್ಗುತ್ತದೆ.

ಕೊಳ್ಳುವ ಕ್ರಮ ಹೀಗಿರಲಿ. ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮನೆಯಲ್ಲೇ ಕಾಗದದ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿಕೊಂಡು, ಕತ್ತರಿಸಿ, ಆ ಕಾಗದವನ್ನು ಅಂಗಡಿಯಲ್ಲಿ ಶೂ ಒಳಗೆ ಇಟ್ಟು ನೋಡಿ. ಕಾಗದ ಮಡಚಿದರೆ ಆ ಶೂ ಚಿಕ್ಕದು. ಅತಿ ಉದ್ದದ ಬೆರಳಿನ ಮುಂದೆ ಒಂದರಿಂದ ಎರಡು ಸೆಂಟಿಮೀಟರ್ ಜಾಗ ಇರಬೇಕು. ಕಾಲಿಗೆ ಹಾಕಿ "ಸರಿಯಾಗಿದೆ ಅನ್ನಿಸುತ್ತಿದೆ" ಅನ್ನುವ ಮಾತನ್ನು ನಂಬಬೇಡಿ. ಸ್ಪರ್ಶ ಕಡಿಮೆ ಇರುವವರಿಗೆ ಸರಿಯಾದ ಅಳತೆ ಸಡಿಲ ಅನ್ನಿಸುತ್ತದೆ, ಬಿಗಿಯಾದದ್ದೇ ಹಿತ ಅನ್ನಿಸುತ್ತದೆ. ಚಪ್ಪಲಿ ಗಾಯಗಳಲ್ಲಿ ಎಷ್ಟೋ ಶುರುವಾಗುವುದು ಇಲ್ಲೇ.

ಹೊಸದನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ತೆಗೆದು ಪಾದ ನೋಡಿ. ಕೆಂಪಾಗದಿದ್ದರೆ ಮರುದಿನ ಸಮಯ ಹೆಚ್ಚಿಸಿ. ಹೊಸ ಚಪ್ಪಲಿಯಲ್ಲಿ ಮದುವೆಗೆ, ಜಾತ್ರೆಗೆ ಹೋಗಬೇಡಿ. ಪ್ರತಿ ಸಲ ಹಾಕುವ ಮೊದಲು ಬೋರಲು ಮಾಡಿ ಕೊಡವಿ, ಒಳಗೆ ಕೈಯಾಡಿಸಿ. ತಳವನ್ನೂ ತಿರುಗಿಸಿ ನೋಡಿ.

ದೇವಸ್ಥಾನದ ವಿಷಯ. ಬೇಸಿಗೆಯ ಮಧ್ಯಾಹ್ನ ಪ್ರಾಕಾರದ ಕಲ್ಲು ಕೆಲವೇ ಕ್ಷಣಗಳಲ್ಲಿ ಅಂಗಾಲಿನಲ್ಲಿ ಗುಳ್ಳೆ ಎಬ್ಬಿಸುವಷ್ಟು ಕಾದಿರುತ್ತದೆ. ಉಳಿದವರು ಓಡುತ್ತಾ ಪ್ರದಕ್ಷಿಣೆ ಮುಗಿಸುತ್ತಾರೆ. ಬಿಸಿ ತಿಳಿಯದವರು ಸಮಾಧಾನವಾಗಿ ಮೂರು ಸುತ್ತು ಹಾಕುತ್ತಾರೆ, ಸಂಜೆ ನೋಡಿದರೆ ಅಂಗಾಲೆಲ್ಲ ನೀರುಗುಳ್ಳೆ. ಬೆಳಗ್ಗೆ ಬೇಗ ಹೋಗಿ, ದಪ್ಪ ಸಾಕ್ಸ್ ಹಾಕಿಕೊಳ್ಳಿ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಬಿಸಿಲೇರುವ ಮುನ್ನ ಹತ್ತಿ ಇಳಿಯಿರಿ. ಧರ್ಮಸ್ಥಳದ ಪಾದಯಾತ್ರೆ, ಮಲೆ ಮಹದೇಶ್ವರ ಬೆಟ್ಟದ ನಡಿಗೆ, ಬರಿಗಾಲಿನ ಅಯ್ಯಪ್ಪ ವ್ರತ, ಕೆಂಡ ಹಾಯುವುದು: ಸ್ಪರ್ಶ ಹೋದ ಪಾದಕ್ಕೆ ಇವು ಬೇಡ. ಹರಕೆ ಇದ್ದರೆ ಅದನ್ನು ತೀರಿಸುವ ಬೇರೆ ದಾರಿಯನ್ನು ಅರ್ಚಕರ ಹತ್ತಿರ, ಗುರುಸ್ವಾಮಿಗಳ ಹತ್ತಿರ ಕೇಳಿ.

ಬಿಸಿ ಇನ್ನೂ ಕೆಲವು ಕಡೆಯಿಂದ ಬರುತ್ತದೆ. ಬೈಕಿನ ಸೈಲೆನ್ಸರ್, ಬಸ್ಸಿನಲ್ಲಿ ಇಂಜಿನ್ ಪಕ್ಕದ ನೆಲ, ಚಳಿಗಾಲದ ಬೆಂಕಿ ಮುಂದೆ ಚಾಚಿದ ಕಾಲು. ಚಳಿ ಅನ್ನಿಸಿದರೆ ಸಾಕ್ಸ್ ಹಾಕಿ, ಶಾಖ ಕೊಡಬೇಡಿ.

## ಹಂತ 7: ಶುಗರ್ ಮತ್ತು ಉರಿಯ ಮಾತ್ರೆ

ಹೆಚ್ಚಿನವರಿಗೆ ಎಚ್‌ಬಿಎ1ಸಿ 7ರ ಆಸುಪಾಸು ಗುರಿ. ವಯಸ್ಸಾದವರಿಗೆ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ, ಡಾಕ್ಟರು ಹೇಳುತ್ತಾರೆ. ಹೆದರಿಕೊಂಡು ಉಪವಾಸ ಬಿದ್ದು, ಒಂದೆರಡು ತಿಂಗಳಲ್ಲಿ ಶುಗರ್ ಸರ್ರನೆ ಇಳಿಸಬೇಡಿ. ತುಂಬ ಬೇಗ ಇಳಿದರೆ ಉರಿ ಇದ್ದಕ್ಕಿದ್ದಂತೆ ಹೆಚ್ಚಾಗುವುದುಂಟು. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಬೇಕು.

ಉರಿಗೆ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಕೊಡುತ್ತಾರೆ. ಇವು ನೋವನ್ನು ತಗ್ಗಿಸುತ್ತವೆ, ಕೆಲವು ನಿದ್ದೆಯನ್ನೂ ತರುತ್ತವೆ. ಕೆಟ್ಟ ನರವನ್ನು ಸರಿ ಮಾಡುವುದಿಲ್ಲ. ಸಣ್ಣ ಪ್ರಮಾಣದಿಂದ ಶುರು ಮಾಡಿ ವಾರಗಳಲ್ಲಿ ಏರಿಸುವಂಥವು, ಹಾಗಾಗಿ ನಾಲ್ಕು ದಿನಕ್ಕೆ ಕೆಲಸ ಮಾಡಲಿಲ್ಲ ಅಂತ ಬಿಡಬೇಡಿ. ಒಮ್ಮೆಲೇ ನಿಲ್ಲಿಸಬೇಡಿ. ತಲೆ ಸುತ್ತು, ಮಂಪರು ಬರಬಹುದು, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇರಲಿ. ಪ್ರಾಸ್ಟೇಟ್, ಗ್ಲಾಕೋಮಾ, ಹೃದಯದ ತೊಂದರೆ ಇದ್ದರೆ ಅಮಿಟ್ರಿಪ್ಟಿಲಿನ್ ಬರೆಯುವ ಮೊದಲೇ ಹೇಳಿ. ಬಿ12 ಕೊರತೆ ಇದ್ದವರಿಗೆ ಅದರ ಇಂಜೆಕ್ಷನ್ ಅಥವಾ ಮಾತ್ರೆಯಿಂದ ನಿಜಕ್ಕೂ ಚೇತರಿಕೆ ಸಿಗುತ್ತದೆ, ತಿಂಗಳುಗಳು ಬೇಕು.

ಉರಿ ಕಡಿಮೆಯಾದ ದಿನ 3ನೇ ಹಂತದ ಬೆರಳ ಪರೀಕ್ಷೆ ಮತ್ತೆ ಮಾಡಿ. ಸ್ಪರ್ಶ ತಿಳಿಯುತ್ತಿದ್ದರೆ ಸಂತೋಷ. ಮೊದಲಿಗಿಂತ ಕಡಿಮೆ ತಿಳಿಯುತ್ತಿದ್ದರೆ ಕಾವಲು ಇನ್ನಷ್ಟು ಬಿಗಿ ಮಾಡಿ.

## ಹಂತ 8: ಗಾಯ ಕಂಡಾಗ ಮೊದಲ ಒಂದು ಗಂಟೆ

1. ಆ ಕಾಲಿನ ಮೇಲೆ ನಡೆಯುವುದು ಆ ಕ್ಷಣದಿಂದಲೇ ನಿಲ್ಲಲಿ. ಗಾಯ ವಾಸಿಯಾಗದಿರಲು ಒಂದು ದೊಡ್ಡ ಕಾರಣ ಅದರ ಮೇಲೆ ನಡೆಯುತ್ತಲೇ ಇರುವುದು. ನೋವಿಲ್ಲವಲ್ಲ ಅಂತ ವಾಕಿಂಗ್ ಕೂಡ ಮುಂದುವರಿಸುತ್ತಾರೆ. ಬೇಡ.

2. ಸಲೈನ್ ಅಥವಾ ಶುದ್ಧವಾದ ಹರಿಯುವ ನೀರಿನಿಂದ ತೊಳೆಯಿರಿ.

3. ಸ್ಟೆರೈಲ್ ಗಾಜ್ ಇಟ್ಟು ಪೇಪರ್ ಟೇಪ್ ಅಂಟಿಸಿ. ಬಿಗಿಯಾಗಿ ಸುತ್ತಬೇಡಿ.

4. ಫೋಟೋ ತೆಗೆದು, ದಿನಾಂಕ ಬರೆದು, 24 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಹೇಳಿ.

ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ, ಬೂದಿ, ಟೂತ್‌ಪೇಸ್ಟ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಡಿ. ಪುಡಿಗಳು ಗಾಯದ ಬಾಯಿ ಮುಚ್ಚಿ ಒಳಗಿನ ಕೀವನ್ನು ಮರೆಮಾಡುತ್ತವೆ, ಡಾಕ್ಟರಿಗೂ ಆಳ ಕಾಣುವುದಿಲ್ಲ. ಗುಳ್ಳೆಯನ್ನು ಒಡೆಯಬೇಡಿ. ಹಳೆಯ ಚೀಟಿಯ ಆ್ಯಂಟಿಬಯಾಟಿಕ್ ನುಂಗಬೇಡಿ.

## ಅಪಾಯದ ಗುರುತುಗಳು

ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ: ಗಾಯದ ಸುತ್ತ ಕೆಂಪು ಹರಡುವುದು, ಕೀವು, ದುರ್ವಾಸನೆ, ಬೆರಳು ಕಪ್ಪಾಗುವುದು ಅಥವಾ ನೀಲಿಯಾಗುವುದು, ಗಾಯದೊಳಗೆ ಎಲುಬು ಕಾಣುವುದು, ಜ್ವರ ನಡುಕ, ಯಾವತ್ತೂ ಸರಿಯಿದ್ದ ಶುಗರ್ ಕಾರಣವಿಲ್ಲದೆ ಏರುವುದು. ಪಾದ ತಣ್ಣಗಾಗಿ ಬಿಳಿಚಿಕೊಂಡು ಇದ್ದಕ್ಕಿದ್ದಂತೆ ನೋವು ಶುರುವಾದರೆ ರಕ್ತನಾಳ ಕಟ್ಟಿರಬಹುದು, ಆಗ ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೇ ಹೋಗಬೇಕು.

ಒಂದು ಗುರುತನ್ನು ಮನೆಯವರೂ, ಎಷ್ಟೋ ಸಲ ಡಾಕ್ಟರೂ ತಪ್ಪಾಗಿ ತಿಳಿಯುತ್ತಾರೆ. ಗಾಯವೇ ಇಲ್ಲ, ಆದರೆ ಒಂದು ಪಾದ ಊದಿ, ಕೆಂಪಾಗಿ, ಬಿಸಿಯಾಗಿದೆ. ನೋವು ಅಷ್ಟಾಗಿ ಇಲ್ಲ. ಉಳುಕು ಅಂತ ನೀವಿಸುತ್ತಾರೆ, ಇಲ್ಲವೇ ಸೋಂಕು ಅಂತ ಮಾತ್ರೆ ನುಂಗಿಸುತ್ತಾರೆ. ಅದು ಶಾರ್ಕೋ ಪಾದ ಇರಬಹುದು. ಒಳಗೆ ಎಲುಬುಗಳು ಮೆತ್ತಗಾಗಿ ಮುರಿಯುತ್ತಿರುತ್ತವೆ, ಮೊದಮೊದಲು ಎಕ್ಸ್‌ರೇಯಲ್ಲೂ ಕಾಣದಿರಬಹುದು. ಪ್ಲಾಸ್ಟರ್ ಹಾಕಿ, ಪಾದದ ಮೇಲೆ ಭಾರ ಬೀಳದಂತೆ ತಿಂಗಳುಗಟ್ಟಲೆ ಕಾಪಾಡಿದರೆ ಪಾದದ ಆಕಾರ ಉಳಿಯುತ್ತದೆ. ನಡೆದಾಡಿದರೆ ಅಂಗಾಲಿನ ಕಮಾನು ಕುಸಿದು ದೋಣಿಯ ತಳದಂತೆ ಉಬ್ಬುತ್ತದೆ, ಆಮೇಲೆ ಹುಣ್ಣು ಮೇಲೆ ಹುಣ್ಣು. ಹಾಗಾಗಿ ನೀವಿಸಬೇಡಿ, ನಡೆಸಬೇಡಿ. ಆಟೋ ಕರೆಸಿ, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ. ಮೂಳೆ ಡಾಕ್ಟರ ಹತ್ತಿರ "ಶುಗರ್ ಇದೆ, ಪಾದದಲ್ಲಿ ಸ್ಪರ್ಶ ಇಲ್ಲ, ಇದು ಶಾರ್ಕೋ ಇರಬಹುದಾ ನೋಡಿ" ಅಂತ ಬಾಯಿಬಿಟ್ಟು ಕೇಳಿ.